ರಿಯಾಯಿತಿ ಫಲಕಗಳ ನಡುವೆ ತಿಂಗಳ ಸಾಮಾನು: ನಿಜವಾಗಿ ಅಗ್ಗ ಯಾವುದು ಎಂದು ತಿಳಿಯುವುದು ಹೇಗೆ?

ಪ್ರಶ್ನೆ (ಕೊಪ್ಪಳ, ಭಾಗ್ಯನಗರದ ಗೃಹಿಣಿ)

ಎಲ್ಲರಿಗೂ ನಮಸ್ಕಾರ. ಅತ್ತೆ, ಮಾವ, ಇಬ್ಬರು ಮಕ್ಕಳು ಸೇರಿ ನಮ್ಮದು ಆರು ಜನರ ಮನೆ. ಮೊದಲೆಲ್ಲ ಜವಾಹರ ರಸ್ತೆಯ ಒಂದೇ ಕಿರಾಣಿ ಅಂಗಡಿಗೆ ಚೀಟಿ ಕೊಟ್ಟರೆ ತಿಂಗಳ ಸಾಮಾನು ಮನೆಗೆ ಬರುತ್ತಿತ್ತು. ಪಗಾರವಾದ ಮೇಲೆ ಲೆಕ್ಕ ಚುಕ್ತಾ ಮಾಡುತ್ತಿದ್ದೆವು. ಈಚೆಗೆ ಒಂದು ದೊಡ್ಡ ಮಳಿಗೆಗೆ ಹೋಗುವುದು ರೂಢಿಯಾಗಿದೆ. ಅಲ್ಲಿ ಪ್ರತಿ ಕಪಾಟಿನ ಮೇಲೂ ರಿಯಾಯಿತಿಯ ಫಲಕವಿರುತ್ತದೆ, ಬಿಲ್ಲಿನ ಕೊನೆಗೆ ‘ಈ ದಿನ ನೀವು ಉಳಿಸಿದ ಮೊತ್ತ’ ಎಂದು ದಪ್ಪ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. ಆದರೂ ತಿಂಗಳ ಖರ್ಚು ಮೊದಲಿಗಿಂತ ಇಳಿದಿಲ್ಲ, ಬದಲಿಗೆ ಸ್ವಲ್ಪ ಏರಿದೆ.

ಅಕ್ಕಿಯ ಚೀಲ ಒಂದು ಕಡೆ 25 ಕಿಲೋ, ಇನ್ನೊಂದು ಕಡೆ 26 ಕಿಲೋ ಇರುವುದೇಕೆ, ಯಾವುದನ್ನು ಕೊಂಡರೆ ಲಾಭ ಎಂಬುದು ನನ್ನ ಮೊದಲ ಸಂಶಯ. ಎಣ್ಣೆಯ ಪಾಕೀಟಿನಲ್ಲಿ ಕೆಲವರು ಲೀಟರ್ ಎಂದೂ ಕೆಲವರು ಗ್ರಾಂ ಎಂದೂ ದೊಡ್ಡದಾಗಿ ಬರೆದಿರುವಾಗ ಒಂದನ್ನು ಇನ್ನೊಂದರ ಜೊತೆ ಹೋಲಿಸುವುದು ಹೇಗೆ ಎಂಬುದು ಎರಡನೆಯದು. ಮೂರನೆಯದಾಗಿ, ನಗರದ ಒಂದು ಸಿಹಿ ಅಂಗಡಿಯಲ್ಲಿ ರಟ್ಟಿನ ಡಬ್ಬಿಯನ್ನೂ ಸೇರಿಸಿ ತೂಗಿದರು, ಪ್ರಶ್ನಿಸಿದಾಗ ‘ಎಲ್ಲ ಕಡೆ ಹೀಗೇ’ ಎಂದರು. ಇದನ್ನು ಸುಮ್ಮನೆ ಒಪ್ಪಿಕೊಳ್ಳಬೇಕೆ? ಅನುಭವವುಳ್ಳವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ (ಗಂಗಾವತಿ, ಅಕ್ಕಿ ಗಿರಣಿಯಲ್ಲಿ ಲೆಕ್ಕಪತ್ರ ನೋಡುವವರು)

ನಾನು ಅಕ್ಕಿಯ ಮಟ್ಟಿಗಷ್ಟೇ ಉತ್ತರಿಸುತ್ತೇನೆ, ಏಕೆಂದರೆ ನಾನು ದಿನವೂ ಕಣ್ಣಾರೆ ನೋಡುವ ವ್ಯಾಪಾರ ಅದೊಂದೇ.

26 ಕಿಲೋ ಚೀಲ ಬಂದದ್ದು ತೆರಿಗೆಯ ಕಾರಣದಿಂದ. ಮೊದಲು ನೋಂದಾಯಿತ ಬ್ರಾಂಡಿನ ಅಕ್ಕಿಗೆ ಮಾತ್ರ ಜಿಎಸ್‌ಟಿ ಇತ್ತು. 2022ರ ಜುಲೈ 18ರಿಂದ, ಬ್ರಾಂಡ್ ಇರಲಿ ಬಿಡಲಿ, ಮೊದಲೇ ತುಂಬಿ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟುಗಳಿಗೆ ಚೀಲ 25 ಕಿಲೋವರೆಗೆ ಇದ್ದರೆ ಶೇ 5ರ ತೆರಿಗೆ ಬಿತ್ತು. 25 ಕಿಲೋ ದಾಟಿದ ಚೀಲ ಅದರಿಂದ ಹೊರಗುಳಿಯಿತು. ಗಿರಣಿಗಳು ಒಂದು ಕಿಲೋ ಹೆಚ್ಚಿಗೆ ತುಂಬಲು ಶುರು ಮಾಡಿದ್ದು ಆಗಲೇ. ಇದರಿಂದ ಕೊಳ್ಳುವವರಿಗೆ ನಷ್ಟವಿಲ್ಲ, ಆದರೆ ಲಾಭ ತಾನಾಗಿಯೇ ಕೈಗೆ ಬರುವುದೂ ಇಲ್ಲ. ಲೆಕ್ಕಕ್ಕಾಗಿ ಹೇಳುವುದಾದರೆ, 25 ಕಿಲೋ ಚೀಲ 1,500 ರೂಪಾಯಿ ಇದ್ದರೆ ಕಿಲೋಗೆ 60 ಬೀಳುತ್ತದೆ. 26 ಕಿಲೋ ಚೀಲ 1,534ಕ್ಕೆ ಸಿಕ್ಕರೆ 59 ಬೀಳುತ್ತದೆ. ಅದೇ ಚೀಲಕ್ಕೆ 1,600 ಹೇಳಿದರೆ 61 ರೂಪಾಯಿ ಮೀರುತ್ತದೆ, ಅಂದರೆ ತೆರಿಗೆಯಿಲ್ಲದ ಚೀಲಕ್ಕೆ ತೆರಿಗೆಯಿರುವ ಚೀಲಕ್ಕಿಂತ ಹೆಚ್ಚು ಕೊಟ್ಟಂತಾಯಿತು. ಹಾಗಾಗಿ ‘ಚೀಲ ಎಷ್ಟು’ ಎಂದು ಕೇಳುವುದನ್ನು ಬಿಟ್ಟು ‘ಕಿಲೋಗೆ ಎಷ್ಟು ಬಿತ್ತು’ ಎಂದು ಕೇಳಬೇಕು. 26 ಕಿಲೋ ಚೀಲದ ಬಿಲ್ಲಿನಲ್ಲಿ ಶೇ 5 ಸೇರಿಸಿದ್ದರೆ ಅಲ್ಲೇ ನಿಂತು ವಿಚಾರಿಸಬೇಕು.

ಆದರೆ ಅಕ್ಕಿಯಲ್ಲಿ ದೊಡ್ಡ ಹಣ ಹೋಗುವುದು ಈ ಒಂದೆರಡು ರೂಪಾಯಿಯಲ್ಲಿ ಅಲ್ಲ, ಹೆಸರಿನಲ್ಲಿ ಮತ್ತು ವಯಸ್ಸಿನಲ್ಲಿ. ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪ, ಕಂಪ್ಲಿ ಕಡೆಯಿಂದ ‘ಸೋನಾ ಮಸೂರಿ’ ಎಂಬ ಹೆಸರಿನಲ್ಲಿ ಹೊರಡುವ ಅಕ್ಕಿಯಲ್ಲಿ ಬಿಪಿಟಿ 5204 ಎಂಬ ತಳಿ ಬಹಳ. ಆರ್‌ಎನ್‌ಆರ್ ತಳಿಯೂ ಈಗ ಸಾಕಷ್ಟು ಬೆಳೆಯುತ್ತದೆ. ಚೀಲದ ಮೇಲಿನ ಚಿತ್ರ ಮತ್ತು ಬಣ್ಣ ಬೇರೆಯಾದ ಮಾತ್ರಕ್ಕೆ ಒಳಗಿನ ಅಕ್ಕಿ ಬೇರೆಯಾಗಿರಬೇಕಿಲ್ಲ. ಆರ್‌ಎನ್‌ಆರ್ ಅಕ್ಕಿಯನ್ನು ಕೆಲವರು ‘ಶುಗರ್ ಫ್ರೀ ಅಕ್ಕಿ’ ಎಂದು ಕರೆದು ಹೆಚ್ಚಿನ ದರಕ್ಕೆ ಮಾರುವುದು ನನಗೆ ತೀರಾ ಬೇಸರ ತರುವ ಸಂಗತಿ. ಆ ತಳಿಯ ಅನ್ನ ರಕ್ತದಲ್ಲಿ ಸಕ್ಕರೆಯನ್ನು ಏರಿಸುವ ವೇಗ ಬೇರೆ ಅಕ್ಕಿಗಳಿಗಿಂತ ಕಡಿಮೆ ಎಂಬುದು ನಿಜ, ಆದರೆ ಪಿಷ್ಟವಿಲ್ಲದ ಅಕ್ಕಿ ಎಂಬುದು ಲೋಕದಲ್ಲಿಲ್ಲ. ಮಧುಮೇಹ ಇರುವವರು ಆ ಮಾತನ್ನು ನಂಬಿ ಎರಡು ಸೌಟು ಹೆಚ್ಚಿಗೆ ಬಡಿಸಿಕೊಂಡರೆ ಹಣವೂ ಹೋಯಿತು, ಆರೋಗ್ಯವೂ ಹೋಯಿತು.

ಹಳೆ ಅಕ್ಕಿಗೆ ದರ ಹೆಚ್ಚಿರುವುದಕ್ಕೆ ಕಾರಣವಿದೆ. ಅದು ನೀರು ಹೆಚ್ಚು ಕುಡಿಯುತ್ತದೆ, ಅನ್ನ ಒದಗುತ್ತದೆ, ಅಗುಳು ಬಿಡಿಬಿಡಿಯಾಗಿ ನಿಲ್ಲುತ್ತದೆ. ಹೊಸ ಅಕ್ಕಿಯ ಅನ್ನ ಮುದ್ದೆಯಾಗುತ್ತದೆ. ಮುಂಗಾರಿನ ಭತ್ತ ನಮ್ಮಲ್ಲಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಕೊಯ್ಲಾಗುವುದರಿಂದ, ಜನವರಿಯಲ್ಲಿ ಕಡಿಮೆ ದರಕ್ಕೆ ‘ಹಳೆ ಅಕ್ಕಿ’ ಎಂದು ಯಾರಾದರೂ ಕೊಟ್ಟರೆ ಸಂಶಯಪಡುವುದು ಸಹಜ. ಒಂದು ಹಿಡಿ ಅಕ್ಕಿಯನ್ನು ಕಪ್ಪು ಬಟ್ಟೆಯ ಮೇಲೆ ಹರಡಿ ನೋಡಿ: ಬಣ್ಣ ತುಸು ಹಳದಿಗೆ ತಿರುಗಿದೆಯೆ, ತುಂಡು ಕಾಳು ಎಷ್ಟಿದೆ, ಎರಡು ಬಗೆಯ ಉದ್ದದ ಕಾಳು ಕಲೆತಿವೆಯೆ ಎಂಬುದು ಕಣ್ಣಿಗೇ ತಿಳಿಯುತ್ತದೆ. ನಾಲ್ಕು ಕಾಳು ಕಚ್ಚಿದರೆ ಚೆನ್ನಾಗಿ ಒಣಗಿದ್ದು ಕಟ್ಟನೆ ಮುರಿಯುತ್ತದೆ. ಇವೆಲ್ಲಕ್ಕಿಂತ ಭದ್ರವಾದದ್ದು, ಚೀಲ ಎತ್ತುವ ಮೊದಲು ಅದೇ ರಾಶಿಯಿಂದ ಒಂದೆರಡು ಕಿಲೋ ಒಯ್ದು ಮನೆಯಲ್ಲಿ ಅನ್ನ ಮಾಡಿ ನೋಡುವುದು. ಮರ್ಯಾದಸ್ಥ ವ್ಯಾಪಾರಿ ಇದಕ್ಕೆ ಇಲ್ಲವೆನ್ನುವುದಿಲ್ಲ. ಹಬೆ ಹಾಯಿಸಿದ ಭತ್ತದಿಂದ ಮಾಡಿದ ‘ಸ್ಟೀಮ್ ಅಕ್ಕಿ’ ಹೊಸದಾಗಿದ್ದರೂ ಅನ್ನ ಬಿಡಿಯಾಗಿ ಬರುವುದರಿಂದ, ನಿತ್ಯದ ಊಟಕ್ಕೆ ಅದನ್ನು ಒಪ್ಪುವ ಮನೆಯವರು ಹಳೆ ಅಕ್ಕಿಯ ದರ ಕೊಡಬೇಕಾಗಿಲ್ಲ. ಇಡ್ಲಿ, ದೋಸೆಗೆ ನುಚ್ಚು ಸಾಕು, ಅದಕ್ಕೂ ಸೋನಾ ಸುರಿಯುವುದು ದಂಡ.

ಉತ್ತರ (ರಾಯಚೂರು, ವಕೀಲರು)

ಗಂಗಾವತಿಯವರು ‘ಕಿಲೋಗೆ ಎಷ್ಟು’ ಎಂದು ಕೇಳಿ ಎಂದದ್ದನ್ನು ಕಾನೂನೂ ಒಪ್ಪಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಪೊಟ್ಟಣದ ಸರಕುಗಳ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯಂತೆ, ಗರಿಷ್ಠ ಮಾರಾಟ ದರದ ಜೊತೆಗೆ ಒಂದು ಗ್ರಾಂ ಅಥವಾ ಒಂದು ಕಿಲೋಗೆ, ಒಂದು ಮಿಲಿಲೀಟರ್ ಅಥವಾ ಒಂದು ಲೀಟರಿಗೆ ಬೀಳುವ ದರವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು. ಒಂದು ಕಿಲೋಗಿಂತ ಕಡಿಮೆಯ ಪೊಟ್ಟಣದಲ್ಲಿ ಗ್ರಾಂ ಲೆಕ್ಕ, ಹೆಚ್ಚಿನದರಲ್ಲಿ ಕಿಲೋ ಲೆಕ್ಕ ಇರುವುದರಿಂದ, ಗ್ರಾಂ ದರವನ್ನು ಸಾವಿರದಿಂದ ಗುಣಿಸಿಕೊಂಡು ಹೋಲಿಸಬೇಕು. ದೊಡ್ಡ ಪೊಟ್ಟಣವೇ ಅಗ್ಗ ಎಂಬ ನಂಬಿಕೆ ಎಷ್ಟೋ ಸಲ ಸುಳ್ಳಾಗುವುದು ಈ ಸಣ್ಣ ಅಕ್ಷರವನ್ನು ಓದಿದಾಗಲೇ. ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣಕ್ಕೆ ಇಂದಿಗೂ ಹತ್ತೇ ರೂಪಾಯಿ ಇದ್ದರೂ ಒಳಗಿನ ಗ್ರಾಂ ಇಳಿದಿದ್ದರೆ, ದರ ಏರಿತೆಂದೇ ಅರ್ಥ.

ಈಗ ಎಣ್ಣೆಯ ವಿಷಯ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಲೀಟರಿನ ಪಾಕೀಟು 170 ರೂಪಾಯಿ ಇದ್ದು, ಪಕ್ಕದಲ್ಲಿ ಹೆಚ್ಚುಕಡಿಮೆ ಅಷ್ಟೇ ಎತ್ತರ ಕಾಣುವ 750 ಗ್ರಾಂ ಪಾಕೀಟು 145 ರೂಪಾಯಿ ಇದೆ ಎಂದುಕೊಳ್ಳಿ. ಕೈ ತಾನಾಗಿಯೇ 145ರ ಕಡೆ ಹೋಗುತ್ತದೆ. ಕಿಲೋ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ಸುಮಾರು 187, ಎರಡನೆಯದಕ್ಕೆ 193 ರೂಪಾಯಿ ಬೀಳುತ್ತದೆ. ಹಾಗಾಗಿ ಎಣ್ಣೆಯನ್ನು ಯಾವಾಗಲೂ ಗ್ರಾಂಗೆ ಇಳಿಸಿಕೊಂಡು ಹೋಲಿಸಿ, ಏಕೆಂದರೆ ಕಾಯ್ದಾಗ ಹಿಗ್ಗುವ ಪದಾರ್ಥದ ಅಳತೆಯನ್ನು ಲೀಟರಿನಲ್ಲಿ ನಂಬುವಂತಿಲ್ಲ. ಇದಕ್ಕೆ ಸರ್ಕಾರವೇ ಕೊಟ್ಟ ಉದಾಹರಣೆಯಿದೆ: 21 ಡಿಗ್ರಿ ಉಷ್ಣತೆಯಲ್ಲಿ ತುಂಬಿದ ಒಂದು ಲೀಟರ್ ಸೋಯಾ ಎಣ್ಣೆ 919 ಗ್ರಾಂ ಇದ್ದರೆ, 60 ಡಿಗ್ರಿಯಲ್ಲಿ ತುಂಬಿದ್ದು 892.6 ಗ್ರಾಂ ಮಾತ್ರ. ಕೆಲವು ಕಂಪನಿಗಳು ಹೆಚ್ಚಿನ ಉಷ್ಣತೆಯನ್ನು ಸಣ್ಣ ಅಕ್ಷರದಲ್ಲಿ ನಮೂದಿಸಿ ಲೀಟರ್ ಎಂದು ಮಾರುತ್ತಿದ್ದುದರಿಂದಲೇ, ಉಷ್ಣತೆಯ ಉಲ್ಲೇಖ ಕೈಬಿಟ್ಟು ಸರಿಯಾದ ತೂಕ ಮುದ್ರಿಸಬೇಕೆಂದು 2022ರ ಆಗಸ್ಟ್‌ನಲ್ಲಿ ಸೂಚನೆ ಹೊರಟಿತು.

ಎಣ್ಣೆಯ ಹೆಸರನ್ನೂ ಓದಬೇಕು. ಮುಂದೆ ಶೇಂಗಾ ಕಾಯಿಯ ಚಿತ್ರವಿದ್ದು ಹಿಂದೆ ‘ಮಿಶ್ರ ಖಾದ್ಯ ತೈಲ’ ಎಂದಿದ್ದರೆ ಅದು ಎರಡು ಎಣ್ಣೆಗಳ ಬೆರಕೆ. ಆಹಾರ ಸುರಕ್ಷತೆಯ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ, ಆದರೆ ಯಾವ ಎಣ್ಣೆಯೂ ಶೇ 20ಕ್ಕಿಂತ ಕಡಿಮೆ ಇರಬಾರದೆಂಬುದಷ್ಟೇ ಅದರ ಮಿತಿ. ಅಂದರೆ ಶೇಂಗಾ ಎಣ್ಣೆ ಐದರಲ್ಲೊಂದು ಪಾಲು ಮಾತ್ರ ಇರಬಹುದಾದ ಪಾಕೀಟಿಗೆ ನೀವು ಶೇಂಗಾ ಎಣ್ಣೆಯ ದರವನ್ನೇ ಕೊಡುತ್ತಿರಬಹುದು. ಯಾವ ಎಣ್ಣೆ ಶೇಕಡ ಎಷ್ಟು ಎಂಬುದು ಲೇಬಲ್ಲಿನಲ್ಲೇ ಇರುತ್ತದೆ. ಮಕ್ಕಳು ಕೇಳುವ ಐಸ್‌ಕ್ರೀಮಿಗೂ ಇದೇ ಮಾತು: ‘ಫ್ರೋಜನ್ ಡೆಸರ್ಟ್’ ಎಂದಿರುವುದರಲ್ಲಿ ಹಾಲಿನ ಕೊಬ್ಬಿನ ಜಾಗದಲ್ಲಿ ಸಸ್ಯಮೂಲದ ಕೊಬ್ಬಿರುತ್ತದೆ.

ಗರಿಷ್ಠ ಮಾರಾಟ ದರವೆಂದರೆ ಎಲ್ಲ ತೆರಿಗೆಗಳೂ ಸೇರಿದ ದರ. ತಂಪು ಪಾನೀಯಕ್ಕೆ ‘ಕೂಲಿಂಗ್ ಚಾರ್ಜ್’ ಎಂದು ಎರಡು ರೂಪಾಯಿ ಹೆಚ್ಚು ಕೇಳುವುದು ತಪ್ಪು. ರಿಯಾಯಿತಿ ಕೊಟ್ಟ ಮೇಲೆ ಉಳಿದ ಮೊತ್ತದ ಮೇಲೆ ಮತ್ತೆ ತೆರಿಗೆ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. ಅದು ಜಿಎಸ್‌ಟಿಗೆ ಮೊದಲಿದ್ದ ವ್ಯಾಟ್ ತೆರಿಗೆಯ ಕಾಲದ ಪ್ರಕರಣವಾದರೂ ಅದರ ತತ್ವ ಇಂದಿಗೂ ಸಲ್ಲುತ್ತದೆ.

ಉತ್ತರ (ಸಿಂಧನೂರು, ಕಿರಾಣಿ ವ್ಯಾಪಾರಿ)

ಅಂಗಡಿಯ ಗಲ್ಲೆಯ ಮೇಲೆ ಕೂರುವವನಾಗಿ ಎರಡು ಮಾತು ಹೇಳುತ್ತೇನೆ. ಸಿಹಿಯನ್ನು ಡಬ್ಬಿ ಸೇರಿಸಿ ತೂಗುವುದು ಎಲ್ಲ ಕಡೆ ನಡೆಯುವುದಿಲ್ಲ, ನಡೆದರೂ ಅದು ಸರಿಯಲ್ಲ. ಖಾಲಿ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಗುಂಡಿ ಒತ್ತಿ ಸೊನ್ನೆಗೆ ತಂದು, ಆಮೇಲೆ ಸಿಹಿ ತುಂಬಬೇಕು. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇದು ಕ್ಷಣದ ಕೆಲಸ. ನೂರು ಗ್ರಾಂ ತೂಗುವ ಡಬ್ಬಿಯನ್ನು ಕಿಲೋಗೆ 800 ರೂಪಾಯಿಯ ಸಿಹಿಯ ಜೊತೆ ತೂಗಿದರೆ ನೀವು ರಟ್ಟಿಗೆ 80 ರೂಪಾಯಿ ಕೊಟ್ಟಿರುತ್ತೀರಿ. ಸರಕು ಇಡುವ ಮೊದಲು ತಕ್ಕಡಿ ಸೊನ್ನೆ ತೋರಿಸುತ್ತಿದೆಯೆ ಎಂದು ನೋಡಿಯೇ ಮುಂದಿನ ಮಾತು ಆಡಿ. ನಮ್ಮ ತಕ್ಕಡಿಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕುತ್ತಾರೆ. ಪ್ರಮಾಣಪತ್ರವನ್ನು ಅಂಗಡಿಯಲ್ಲಿ ಕಾಣುವಂತೆ ಇಡಬೇಕು. ಅದನ್ನು ತೋರಿಸಿ ಎಂದು ಕೇಳಿದರೆ ಪ್ರಾಮಾಣಿಕ ವ್ಯಾಪಾರಿಗೆ ಸಿಟ್ಟು ಬರಬೇಕಾದ ಕಾರಣವಿಲ್ಲ.

ಸೋಪು, ಪೇಸ್ಟು, ಬಿಸ್ಕತ್ತಿನಂಥ ಕಂಪನಿ ಸಾಮಾನಿನಲ್ಲಿ ದೊಡ್ಡ ಮಳಿಗೆಯ ದರಕ್ಕೆ ನಮ್ಮಂಥವರು ಸರಿಗಟ್ಟಲಾರೆವು, ಏಕೆಂದರೆ ಅವರು ಕಂಪನಿಯಿಂದಲೇ ಲಾರಿಗಟ್ಟಲೆ ಎತ್ತುತ್ತಾರೆ. ಅದನ್ನು ಅಲ್ಲೇ ಕೊಳ್ಳಿ. ಆದರೆ ಬೇಳೆ, ಬೆಲ್ಲ, ಜೋಳ, ಹುಣಸೆ, ಕೊತ್ತಂಬರಿ ಕಾಳಿನಂಥ ಬಿಡಿ ಸಾಮಾನಿನಲ್ಲಿ ನಮ್ಮ ದರ ಕೇಳದೆ ಹೋಗಬೇಡಿ. ಅದೇ ತೊಗರಿ ಬೇಳೆ ಮಿರುಗುವ ಪೊಟ್ಟಣದಲ್ಲಿ ಕೂತಾಗ ಪೊಟ್ಟಣದ ಖರ್ಚೂ ಅದರ ಮೈಮೇಲೆ ಬರುತ್ತದೆ. ಬಹಳ ಹೊಳೆಯುವ ಬೇಳೆ ಪಾಲಿಶ್ ಆದದ್ದು, ಅದಕ್ಕೆ ಹೆಚ್ಚು ಕೊಡುವ ಅಗತ್ಯವಿಲ್ಲ. ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳಬೇಕು: ಉದ್ರಿ ಗಿರಾಕಿಯ ದರದಲ್ಲಿ ನಮ್ಮ ಹಣ ತಿಂಗಳುಗಟ್ಟಲೆ ನಿಲ್ಲುವುದರ ಲೆಕ್ಕವೂ ಸೇರಿರುತ್ತದೆ. ನಗದು ಕೊಡುವ ಶಕ್ತಿಯಿದ್ದವರು ‘ನಗದಿಗೆ ಎಷ್ಟು’ ಎಂದು ಬಾಯಿಬಿಟ್ಟು ಕೇಳಿದರೆ ಇಳಿಸಿ ಕೊಡುತ್ತೇವೆ. ಕೇಳದವರಿಗೆ ತಾವಾಗಿಯೇ ಇಳಿಸುವ ವ್ಯಾಪಾರಿಗಳು ಅಪರೂಪ.

ಉತ್ತರ (ಬಳ್ಳಾರಿ, ನಿವೃತ್ತ ಶಿಕ್ಷಕರು)

ಮೇಲಿನವರೆಲ್ಲ ಅಂಗಡಿಯ ಒಳಗೆ ನಿಂತು ಮಾಡುವ ಲೆಕ್ಕವನ್ನು ಚೆನ್ನಾಗಿ ಹೇಳಿದ್ದಾರೆ. ಆದರೆ ಶೇ 40 ರಿಯಾಯಿತಿ ಎಂಬುದು ಯಾವ ದರದ ಮೇಲಿನ ಶೇ 40 ಎಂದು ತಿಳಿಯಬೇಕಾದರೆ ಹಿಂದಿನ ದರ ನಮ್ಮ ಹತ್ತಿರ ಬರೆದಿರಬೇಕು. ಗರಿಷ್ಠ ದರವನ್ನು ತಯಾರಕರೇ ನಿಗದಿ ಮಾಡುವುದರಿಂದ, ಅದನ್ನು ಮೊದಲೇ ಎತ್ತರದಲ್ಲಿಟ್ಟು ಆಮೇಲೆ ಇಳಿಸಿ ತೋರಿಸುವುದು ಕಷ್ಟದ ಕೆಲಸವಲ್ಲ. ನಮ್ಮ ಮನೆಯಲ್ಲಿ ಅಕ್ಕಿ, ಬೇಳೆ, ಸಕ್ಕರೆ, ಎಣ್ಣೆ, ಚಹಾಪುಡಿ, ಸೋಪಿನಂಥ ಮುಖ್ಯ ಸಾಮಾನುಗಳಿಗೆ ಒಂದು ದರದ ಪುಸ್ತಕವಿದೆ. ಒಂದು ಪುಟಕ್ಕೆ ಒಂದು ಸಾಮಾನು. ತಾರೀಖು, ಅಂಗಡಿ, ಕೊಟ್ಟ ಹಣ, ಬಂದ ತೂಕ, ಕಿಲೋಗೆ ಬಿದ್ದ ದರ ಇಷ್ಟನ್ನು ಬರೆಯುತ್ತೇವೆ. ಫಲಕದಲ್ಲಿ ಏನೇ ಇರಲಿ, ಪುಸ್ತಕದ ಹಿಂದಿನ ದರಕ್ಕಿಂತ ಕಡಿಮೆಯಿದ್ದರೆ ಮಾತ್ರ ಅದು ನಮಗೆ ರಿಯಾಯಿತಿ.

ಇದರ ಬೆಲೆ ತಿಳಿದದ್ದು 2025ರ ಸೆಪ್ಟೆಂಬರ್ 22ರ ನಂತರ. ಅಂದು ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆ, ಬಿಸ್ಕತ್ತುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. 118 ರೂಪಾಯಿಯ ವಸ್ತುವಿನಲ್ಲಿ 18 ರೂಪಾಯಿ ತೆರಿಗೆ ಇತ್ತು. ಅದು 5 ಆದರೆ ವಸ್ತು 105 ಆಗಬೇಕು, ಅಂದರೆ ಮೊದಲ ದರದಲ್ಲಿ ಸುಮಾರು ಶೇ 11 ಇಳಿಯಬೇಕು. ‘ಹಬ್ಬದ ರಿಯಾಯಿತಿ ಶೇ 10’ ಎಂಬ ಫಲಕ ಆ ದಿನಗಳಲ್ಲಿ ಕಂಡಿದ್ದರೆ, ಅಂಗಡಿಯವರು ಏನನ್ನೂ ಬಿಟ್ಟುಕೊಟ್ಟಿಲ್ಲ, ತೆರಿಗೆಯ ಇಳಿಕೆಯನ್ನೇ ತಮ್ಮ ಹೆಸರಿನಲ್ಲಿ ತೋರಿಸಿದ್ದಾರೆ ಎಂದು ಪುಸ್ತಕವಿದ್ದವರಿಗೆ ತಿಳಿಯುತ್ತಿತ್ತು.

ಸೋಪಿನ ಬಗ್ಗೆ ಒಂದು ಮಾತು. ಹಿಂಬದಿಯಲ್ಲಿ ‘ಟಿಎಫ್‌ಎಂ’ ಎಂದು ಶೇಕಡ ಲೆಕ್ಕದಲ್ಲಿ ಬರೆದಿರುತ್ತದೆ. ಅದು ಸೋಪಿನಲ್ಲಿರುವ ಕೊಬ್ಬಿನ ಅಂಶ. ಭಾರತೀಯ ಮಾನಕದ ಪ್ರಕಾರ ಒಂದನೆಯ ದರ್ಜೆಗೆ ಕನಿಷ್ಠ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಇರಬೇಕು. ಅದು ಕಡಿಮೆಯಾದಷ್ಟೂ ಸೋಪು ಬೇಗ ಕರಗುತ್ತದೆ. ನಮ್ಮ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಮೊದಲೇ ನೊರೆ ಬರುವುದು ಕಷ್ಟ, ಆದ್ದರಿಂದ ನಾಲ್ಕು ರೂಪಾಯಿ ಅಗ್ಗವೆಂದು ತಂದದ್ದು ತಿಂಗಳ ನಡುವೆಯೇ ಮುಗಿದು ಇನ್ನೊಂದನ್ನು ತರಿಸುತ್ತದೆ.

ವರ್ಷದ ಕಾಳು ತುಂಬಿಡುವ ನಮ್ಮ ಹಿರಿಯರ ಪದ್ಧತಿಯನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ರಾಶಿ ಬರುವ ಜನವರಿಯಿಂದ ಮಾರ್ಚ್‌ವರೆಗೆ ಅದನ್ನು ಕೊಂಡು, ತೊಟ್ಟು ತೆಗೆದು, ಬಿಸಿಲಿಗೆ ಒಣಗಿಸಿ ಖಾರ ಮಾಡಿಸಿಡುವುದು ಖಂಡಿತ ಲಾಭ. ನೀರು ಹಾಕಿ ತೂಕ ಏರಿಸಿದ ಕಾಯಿಯನ್ನು ಮುಷ್ಟಿಯಲ್ಲಿ ಹಿಡಿದರೆ ಮೆತ್ತಗಿರುತ್ತದೆ, ಒಣಗಿದ್ದು ಸದ್ದು ಮಾಡುತ್ತದೆ. ಹುಣಸೆಯೂ ಹಾಗೆಯೇ. ಆದರೆ ಬೇಳೆ, ಹಿಟ್ಟು, ರವೆಗಳನ್ನು ಮೂರು ನಾಲ್ಕು ತಿಂಗಳಿಗಾಗುವಷ್ಟು ತಂದು ಹುಳ ಹಿಡಿಸಿ ಚೆಲ್ಲಿದರೆ ಉಳಿಸಿದ್ದಕ್ಕಿಂತ ಕಳೆದದ್ದು ಹೆಚ್ಚು. ‘ಒಂದಕ್ಕೊಂದು ಉಚಿತ’ ಎಂಬುದು ಸಹ ನಾವು ಹೇಗೂ ಎರಡನ್ನು ಬಳಸುವವರಾಗಿದ್ದರೆ ಮಾತ್ರ ಉಚಿತ. ಪ್ರಶ್ನೆ ಕೇಳಿದ ತಾಯಿಯವರು ಹಿಂದಿನ ಚೀಟಿಗಳನ್ನೂ ಈಗಿನ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು, ಚೀಟಿಯಲ್ಲಿ ಎಂದೂ ಇರದಿದ್ದ ಎಷ್ಟು ಸಾಮಾನು ಈಗ ಬಿಲ್ಲಿಗೆ ಬಂದಿವೆ ಎಂದು ಗುರುತು ಹಾಕಿ ನೋಡಲಿ. ಖರ್ಚು ಏರಿದ ಕಾರಣ ಅಲ್ಲೇ ಸಿಗುತ್ತದೆ ಎಂದು ನನ್ನ ನಂಬಿಕೆ.

ಪ್ರಶ್ನಿಸಿದವರಿಂದ (ಕೊಪ್ಪಳ)

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಬಳ್ಳಾರಿಯ ಹಿರಿಯರು ಹೇಳಿದಂತೆ ಹೋಲಿಸಿ ನೋಡಿದೆ: ಕುರುಕಲು ತಿಂಡಿ, ಸಾಸ್, ನೆಲ ಒರೆಸುವ ದ್ರಾವಣ, ಪ್ಲಾಸ್ಟಿಕ್ ಡಬ್ಬಿಗಳು ಹಳೆಯ ಚೀಟಿಯಲ್ಲಿ ಇರಲೇ ಇಲ್ಲ. ಇನ್ನು ಮುಂದೆ ಬೇಳೆ, ಬೆಲ್ಲಗಳನ್ನು ನಗದು ದರದಲ್ಲಿ ಹಳೆಯ ಅಂಗಡಿಯಿಂದಲೇ ತರಲು ನಿರ್ಧರಿಸಿದ್ದೇನೆ. ವಕೀಲರಲ್ಲಿ ಇನ್ನೊಂದು ಕೇಳಿಕೆ: ಬಿಲ್ ಮಾಡುವಾಗ ಕೇಳದೆಯೇ ಕೈಚೀಲದ ಹಣ ಸೇರಿಸಿದರೆ, ಅಥವಾ ಕೆಟ್ಟ ವಸ್ತುವನ್ನು ‘ಮಾರಿದ ಮೇಲೆ ವಾಪಸ್ ಇಲ್ಲ’ ಎಂದು ನಿರಾಕರಿಸಿದರೆ ಏನು ಮಾಡಬೇಕು? ಇಷ್ಟು ಸಣ್ಣ ಮೊತ್ತಕ್ಕೆ ದೂರು ಕೊಡುವುದು ಸಾಧ್ಯವೆ?

ಉತ್ತರ (ರಾಯಚೂರು, ವಕೀಲರು)

ಸಾಧ್ಯವಿದೆ. ಮುಂಚಿತವಾಗಿ ತಿಳಿಸದೆ, ಹಣ ಕೊಡುವ ಹೊತ್ತಿನಲ್ಲಿ ಕೈಚೀಲಕ್ಕೆ ದರ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿದೆ. ‘ವಾಪಸ್ ಇಲ್ಲ’ ಎಂಬ ಮುದ್ರಣ ದೋಷವಿರುವ ವಸ್ತುವಿಗೆ ಸಲ್ಲುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅಂಥ ಅವಧಿ ನಮೂದಾಗದಿದ್ದರೆ 30 ದಿನಗಳೊಳಗೆ, ಅಂಥ ವಸ್ತುವನ್ನು ಹಿಂಪಡೆಯಲು ನಿರಾಕರಿಸುವುದು ತಪ್ಪು. ಬಿಲ್ ಕೊಡದಿರುವುದೂ ತಪ್ಪೇ.

ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ತೂಕ ಮತ್ತು ಗರಿಷ್ಠ ದರದ ದೂರನ್ನು ಜಿಲ್ಲೆಯ ಕಾನೂನು ಮಾಪನಶಾಸ್ತ್ರ ಕಚೇರಿಗೆ ಕೊಡಬೇಕು. ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಈ ಎಲ್ಲ ಕಡೆಯೂ ಕೇಳುವುದು ಬಿಲ್ಲನ್ನೇ. ಈಗಿನ ಬಿಲ್ಲಿನ ಕಾಗದದ ಮೇಲಿನ ಅಕ್ಷರ ನಮ್ಮ ಬಿಸಿಲಿಗೆ ಬೇಗ ಮಾಸಿಹೋಗುವುದರಿಂದ, ಮನೆಗೆ ಬಂದ ದಿನವೇ ಅದರ ಚಿತ್ರ ತೆಗೆದಿಟ್ಟುಕೊಳ್ಳಿ, ಮತ್ತು ವಸ್ತುವಿನಲ್ಲಿ ಸಂಶಯ ಬಂದರೆ ಬ್ಯಾಚ್ ಸಂಖ್ಯೆ, ದರ, ತೂಕ ಇರುವ ಪೊಟ್ಟಣದ ಭಾಗವನ್ನು ಚೆಲ್ಲದೆ ಬಿಲ್ಲಿನ ಜೊತೆಗೇ ಇರಿಸಿ.